ಗೆರೆಯ ಕೆಳಗೆ ನಿಂತವಳು

ಉಮಾ ಕಂಪ್ಯೂಟರ್ ರಿಪೇರಿಗೆ ಕೂತು ಹನ್ನೊಂದು ವರ್ಷವಾಗಿತ್ತು. ಕುಮಟಾ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವಳ ಕೋಣೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೋರ್ಡು, ಇರುವೆ ಗೂಡು ಕಟ್ಟಿದ ಪ್ರಿಂಟರು, ಹಲ್ಲಿ ಸತ್ತು ಅಂಟಿಕೊಂಡ ಪವರ್ ಸಪ್ಲೈ, ಅವಳು ಕಾಣದ್ದು ಏನಿತ್ತು? ಹಾಗಾಗಿ ಧಾರೇಶ್ವರದಿಂದ ಅಂಕಿತಾ ಫೋನು ಮಾಡಿದಾಗ ಅವಳಿಗೆ ಮೊದಲು ಬಂದದ್ದು ನಗು.

"ಉಮಕ್ಕಾ, ನಮ್ಮ ಮಾವ ಆಟ ಆಡೂ ಕಂಪ್ಯೂಟರು. ಸ್ಕ್ರೀನು ಅಡ್ಡಕ್ಕೆ ಹರಿದ ಹಾಗೆ ಕಾಣ್ತದೆ. ಅವ್ರು ಅದ್ರ ಮೇಲೆ ಪಂಚೆ ಹೊಚ್ಚಿ ಇಟ್ಟಿದ್ದಾರೆ."

"ಪಂಚೆ ಎಂತಕೆ?"

"ಕೇಳಿದ್ರೆ ಹೇಳೂದಿಲ್ಲ. ತೆಗೆದ್ರೆ ಬೈತಾರೆ. ನೀವೊಮ್ಮೆ ಬಂದು ನೋಡಿ."

ಮಾವ ಅಂದರೆ ದೇವು. ಒಂದು ಕಾಲದಲ್ಲಿ ಅಘನಾಶಿನಿ ಹೊಳೆಯಲ್ಲಿ ತಾರಿ ದೋಣಿ ನಡೆಸಿದವನು. ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸುವುದೇ ಇಪ್ಪತ್ತೆರಡು ವರ್ಷ ಅವನ ಕೆಲಸವಾಗಿತ್ತು. ಆಮೇಲೆ ತಾರಿ ನಿಂತಿತು. ಹೋದ ವರ್ಷ ಜಾರಿಬಿದ್ದು ಸೊಂಟ ಮುರಿದುಕೊಂಡು ಕೋಲು ಹಿಡಿಯುವಂತಾಯಿತು. ಗೋವಾದ ಸರಕಿನ ಬಾರ್ಜಿನಲ್ಲಿ ಕೆಲಸಕ್ಕಿದ್ದ ಮಗ ರಜೆಗೆ ಬಂದವನು, ಅಪ್ಪನ ಬೇಸರ ಕಳೆಯಲೆಂದು ತನ್ನ ಕಂಪ್ಯೂಟರಿನಲ್ಲಿದ್ದ ದೋಣಿಯಾಟವೊಂದನ್ನು ಕಲಿಸಿಕೊಟ್ಟು ಹೋದ. ದೊಡ್ಡ ಹೊಳೆಯೊಂದರಲ್ಲಿ ದೋಣಿ ನಡೆಸುತ್ತ ಒಂದು ದಡದ ಕಟ್ಟೆಯಿಂದ ಇನ್ನೊಂದು ದಡದ ಕಟ್ಟೆಗೆ ಸರಕು ಮುಟ್ಟಿಸುವುದು, ಅಷ್ಟೇ ಆಟ. ಮುದುಕನಿಗೆ ಅದರ ಹುಚ್ಚೇ ಹಿಡಿಯಿತು. "ಇದನ್ನ ಮಾಡ್ದವಂಗೆ ಹೊಳೆಯ ಉಬ್ಬರ ಇಳಿತ ಅಂದ್ರೆ ಎಂತದು ಹೇಳೂದೇ ಗೊತ್ತಿಲ್ಲ" ಎಂದು ಬೈಯುತ್ತಲೇ ಬೆಳಗಿನಿಂದ ಆಡುತ್ತಿದ್ದನಂತೆ.

ಉಮಾ ಸ್ಕೂಟಿ ನಿಲ್ಲಿಸಿದಾಗ ಹನ್ನೊಂದು ಗಂಟೆ. ಅಂಕಿತಾ ಅಂಗನವಾಡಿಗೆ ಹೊರಟಿದ್ದಳು. ಬಾಗಿಲು ತೋರಿಸಿ ಹೋಗಿಯೇ ಬಿಟ್ಟಳು. ದೇವು ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ. ಬಿಸಿಲು ಕಿಟಕಿಯಿಂದ ನೆಲದವರೆಗೆ ಬಿದ್ದಿತ್ತು. ಮೇಜಿನ ಮೇಲೆ ಮಾನಿಟರು, ಅದರ ಮೇಲೆ ಒಗೆದ ಬಿಳಿ ಪಂಚೆ.

"ತೆಗೀಲಾ ದೇವಣ್ಣ?"

"ತೆಗಿ. ಆದ್ರೆ ಹರಿದದ್ದಷ್ಟೇ ಹೊಲಿ ತಂಗಿ, ಬೇರೆ ಎಂತದೂ ನೋಡ್ಬೇಡ."

ಉಮಾ ಮೊದಲು ಒಂದು ವಿಡಿಯೊ ಹಾಕಿ ನೋಡಿದಳು. ಚಿತ್ರ ಸರಿಯಾಗಿತ್ತು. ಮಗ ಆಡುತ್ತಿದ್ದ ಕಾರಿನ ಆಟ ತೆರೆದಳು, ಅದೂ ಸರಿ. ಕೇಬಲ್ ಬದಲಿಸಿ, ಆಮೇಲೆ ದೋಣಿಯ ಆಟ ಹಚ್ಚಿದಳು. ನೀರು, ಮೋಡ, ಎರಡೂ ಬದಿ ಪರದೇಶದ ಸೂಚಿಪರ್ಣ ಮರಗಳು. ದೋಣಿ ತಿರುಗಿಸಿದಾಗ ಪರದೆಯ ಕೆಳಭಾಗದಲ್ಲಿ ಅಡ್ಡಗೆರೆಯೊಂದು ಚಕಚಕನೆ ನಡುಗಿತು. ಗೆರೆಯ ಮೇಲಿನ ಚಿತ್ರ ಒಂದು ಕಡೆ, ಕೆಳಗಿನದು ಒಂದಿಷ್ಟು ಆಚೆ.

"ಇದಾ?" ಎಂದಳು ಉಮಾ. "ಇದಕ್ಕೆ ಹೆದರೂದು ಬ್ಯಾಡ. ಕಂಪ್ಯೂಟರು ಚಿತ್ರ ಬಿಡಿಸೂದು ಬೇಗ ಆಗ್ತದೆ, ಮಾನಿಟರು ತೋರಿಸೂದು ತಡ. ಹಳೇ ಚಿತ್ರ ಮೇಲಿಂದ ಅರ್ಧ ಇಳಿದಿರ್ತದೆ, ಅಷ್ಟರೊಳಗೆ ಹೊಸದು ಬಂದು ಕೆಳಗೆ ಕೂತ್ಬಿಡ್ತದೆ. ಮೇಲಿಂದು ಹಳೇದು, ಕೆಳಗಿಂದು ಹೊಸದು. ಎರಡರ ತಾಳ ಕೂಡಿಸಿದ್ರೆ ಆತು."

ದೇವು ಗೋಡೆ ನೋಡುತ್ತ ಕೇಳಿದ. "ಕೆಳಗಿಂದು ಹೊಸದಾ?"

"ಹೌದು."

"ಹಾಂಗಾರೆ ಹಳೇದು ಅಲ್ಲ ಅದು," ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಆಟದ ಸೆಟಿಂಗಿನಲ್ಲಿ ತಾಳ ಕೂಡಿಸುವ ಆಯ್ಕೆ ಇತ್ತು. ಉಮಾ ಒತ್ತಿದಳು, ಹೊರಬಂದು ನೋಡಿದರೆ ಮತ್ತೆ ಆಫ್. ಮೂರು ಸಲವೂ ಹಾಗೆಯೇ ಆಯಿತು. ಚಿತ್ರ ಬಿಡಿಸುವ ಕಾರ್ಡನ್ನು ನಡೆಸುವ ಡ್ರೈವರ್ ಹಳತಿರಬೇಕು. ಅದಕ್ಕೆ ಮುಂಚೆ, ಸೆಕೆಂಡಿಗೆ ಅರುವತ್ತು ಚಿತ್ರಕ್ಕಿಂತ ಹೆಚ್ಚು ಬಿಡಿಸಬೇಡ ಎಂದು ಮಿತಿ ಹಾಕಿದಳು. ಗೆರೆಯ ನಡುಕ ನಿಂತಿತು. ಪರೀಕ್ಷೆಗೆಂದು ದೋಣಿಯನ್ನು ಕಟ್ಟೆಯ ಕಡೆಗೆ ತಂದಳು. ಮರದ ಹಲಗೆಯ ಕಟ್ಟೆ, ಖಾಲಿ. ಅದರ ಬುಡಕ್ಕೆ ಸರಿಯಾಗಿ ಗೆರೆ ಅಲುಗಾಡದೆ ನಿಂತಿತ್ತು.

ಗೆರೆಯ ಕೆಳಗೆ ಹಲಗೆ ಇರಲಿಲ್ಲ. ಈ ಕಡೆಯ ಕೆಂಪು ಚಿರೆಕಲ್ಲಿನ ಮೆಟ್ಟಿಲುಗಳಿದ್ದವು. ಕೊನೆಯ ಮೆಟ್ಟಿಲ ಮೇಲೆ ಎರಡು ಬರಿಗಾಲು, ಮೊಣಕಾಲಿನ ತನಕ ಹೊಳೆಯ ಕೆಸರು.

ಉಮಾ ಕಣ್ಣುಜ್ಜಿಕೊಂಡಳು. ಬೇರೆ ಯಾವುದೋ ಆಟದ ಚೂರು ಕಾರ್ಡಿನ ಮೆಮರಿಯಲ್ಲಿ ಉಳಿದು ಇಲ್ಲಿ ಬಂದಿರಬೇಕು, ಹಾಗೆ ಆಗುವುದುಂಟು. ದೋಣಿ ಹಿಂದೆ ಸರಿಸಿದಳು, ಕಾಲು ಚಿಕ್ಕದಾಯಿತು. ಮುಂದೆ ತಂದಳು, ದೊಡ್ಡದಾಯಿತು. ಉಳಿದ ಚೂರು ಹೀಗೆ ದೂರ ಹತ್ತಿರ ಆಗುವುದಿಲ್ಲ.

"ದೇವಣ್ಣ, ಈ ಆಟದಾಗೆ ಮನುಷ್ಯರು ಬರ್ತಾರಾ?"

"ಇಷ್ಟ್ ದಿನ ಆಡ್ದೆ, ಒಂದು ನಾಯಿನೂ ಇಲ್ಲ. ಬರೀ ಪೆಟ್ಟಿಗೆ." ಅವನು ಇನ್ನೂ ತಿರುಗಿರಲಿಲ್ಲ. "ಕಂಡ್ತಾ ನಿಂಗೆ?"

"ಕಾಲು ಕಂಡ್ತು."

"ನಂಗೊಬ್ಬಂಗೇ ಕಾಣೂದು ಅಂದ್ಕಂಡಿದ್ದೆ," ಎಂದ ದೇವು. ದನಿಯಲ್ಲಿ ಹೆದರಿಕೆಯೂ ಇತ್ತು, ಏನೋ ಭಾರ ಇಳಿದಂಥ ನಿಟ್ಟುಸಿರೂ ಇತ್ತು.

ಎದ್ದು ಹೋಗಬಹುದಿತ್ತು. ಆದರೆ ಕೈಗೆ ತೆಗೆದುಕೊಂಡ ಕೆಲಸ ಅರ್ಧಕ್ಕೆ ಬಿಟ್ಟು ಉಮಾಗೆ ಅಭ್ಯಾಸವಿಲ್ಲ. ಫೋನಿನ ನೆಟ್ ಹಚ್ಚಿ ಹೊಸ ಡ್ರೈವರ್ ಇಳಿಸತೊಡಗಿದಳು. ಇಪ್ಪತ್ತು ನಿಮಿಷ ಬೇಕಾಯಿತು. ಹೊರಗೆ ಮೀನಿನವಳು ಕೂಗಿಕೊಂಡು ಹೋದಳು. ಕಂಪ್ಯೂಟರು ಆರಿ ಹೊತ್ತಿತು.

ಮತ್ತೆ ಅದೇ ಕಟ್ಟೆಗೆ ಬಂದಾಗ ಗೆರೆ ಮೇಲೇರಿತ್ತು. ಈಗ ಅದು ಎದೆಮಟ್ಟಕ್ಕೆ ನಿಂತಿತ್ತು. ಅದರ ಕೆಳಗೆ ಹೆಂಗಸು: ಮಂಡಿಯವರೆಗೆ ಎತ್ತಿ ಸಿಕ್ಕಿಸಿದ ಹಸಿರು ಸೀರೆ, ಹೆಗಲಿಂದ ಇಳಿಬಿದ್ದ ಬಟ್ಟೆಚೀಲ, ಎಡಗೈಯಲ್ಲಿ ಜೊತೆ ಚಪ್ಪಲಿ. ಗೆರೆಯ ಮೇಲೆ ಪರದೇಶದ ಮರಗಳು, ಖಾಲಿ ಆಕಾಶ. ಬಲಗೈ ಕಾಣುತ್ತಿರಲಿಲ್ಲ. ಯಾಕೆ ಕಾಣುವುದಿಲ್ಲ ಎಂದು ಉಮಾ ಹುಡುಕಿದಳು. ಆಮೇಲೆ ಹೊಳೆಯಿತು. ಆ ಕೈ ಮೇಲೆತ್ತಿದೆ. ಯಾರನ್ನೋ ಕರೆಯುತ್ತಿದ್ದಾಳೆ.

ಉಮಾ ದೋಣಿಯನ್ನು ಅಲ್ಲೇ ನಿಲ್ಲಿಸಿದಳು. ಸೆಟಿಂಗ್ ತೆರೆದಳು. ತಾಳ ಕೂಡಿಸುವ ಆಯ್ಕೆ ಈಗ ಕೈಗೆ ಸಿಗುವಂತಿತ್ತು. ಒಂದು ಒತ್ತು ಒತ್ತಿದರೆ ಗೆರೆ ಹೋಗಿ ಚಿತ್ರ ಪೂರ್ತಿಯಾಗುತ್ತದೆ.

"ಬ್ಯಾಡ!" ದೇವು ಕೋಲು ಊರಿ ಎದ್ದಿದ್ದ. ಈಗ ಪರದೆಯನ್ನೇ ನೋಡುತ್ತಿದ್ದ. "ಬ್ಯಾಡ ತಂಗಿ. ಮುಖ ಬ್ಯಾಡ. ಹರಿದದ್ದು ಹಾಂಗೇ ಇರ್ಲಿ."

"ಯಾರು ದೇವಣ್ಣ ಇದು?"

ಅವನು ಮಂಚದ ಮೇಲೆ ಕುಸಿದ.

"ಅದು ಮಾಲಕ್ಷ್ಮಿ. ಮಿರ್ಜಾನದ ಲಕ್ಕಿ ಮಗಳು."

ಮೂವತ್ತೊಂದು ವರ್ಷದ ಹಿಂದಿನ ಆಷಾಢ. ಮಹಾಲಕ್ಷ್ಮಿಗೆ ಇಪ್ಪತ್ತೆರಡು, ಹೊಳೆಯಾಚೆಯ ಊರಿಗೆ ಹೊಲಿಗೆ ಕಲಿಸಲು ಹೋಗಿ ಬರುತ್ತಿದ್ದಳು. ಆ ಸಂಜೆ ದೇವು ಆಚೆ ದಡದಿಂದ ಕೊನೆಯ ತಾರಿ ಬಿಟ್ಟು ಹತ್ತು ಮಾರು ಬಂದಿದ್ದ. ಹಿಂದಿನಿಂದ ಕೂಗು ಕೇಳಿತು. ತಿರುಗಿ ನೋಡಿದರೆ ಅವಳು ಮೆಟ್ಟಿಲ ಮೇಲೆ ಕೈಯೆತ್ತಿ ನಿಂತಿದ್ದಳು. ಇಳಿತ ಜೋರಿತ್ತು, ದೋಣಿ ತಿರುಗಿಸುವುದೆಂದರೆ ಅರ್ಧ ಗಂಟೆಯ ರಟ್ಟೆಕೆಲಸ.

"ತಿರುಗ್ಸೂಕೆ ಆಗ್ತಿತ್ತು. ಆಗೂದಿಲ್ಲ ಅಂತ ಅಲ್ಲ. ಮೈಗಳ್ಳತನ ನಂದು. ನಾಳೆ ಬಾ ಅಂತ ಕೈ ಮಾಡ್ದೆ." ದೇವು ಅಂಗೈ ನೋಡಿಕೊಂಡ. "ದಡಕ್ಕೆ ಮುಟ್ಟಿ ಹಿಂದೆ ನೋಡ್ತೆ, ಆ ಹುಡ್ಗಿ ಬಳಚು ಚಿಪ್ಪು ತೆಗೆಯೂರ ಸಣ್ಣ ದೋಣಿ ಬಿಚ್ಕಂಡು ಒಂದೇ ಬರ್ತಾ ಇದೆ. ನಡು ಹೊಳೆಗೆ ಬಂತು. ಆಮೇಲೆ ಬರೀ ನೀರು."

"ಯಾರಿಗೂ ಹೇಳ್ಲಿಲ್ವಾ?"

"ಮರುದಿನ ಅದ್ರ ತಮ್ಮ ಕೇಳೂಕೆ ಬಂದ. ನಿನ್ನೆ ತಾರಿಗೆ ಬರ್ಲೇ ಇಲ್ಲ ಅಂದ್ಬಿಟ್ಟೆ. ಹೆದರಿ ಬಾಯಿಗೆ ಬಂದ ಮಾತು ಅದು. ಆ ವಾರನೇ ಒಬ್ಬ ಬಸ್ ಕಂಡಕ್ಟರ್ ವರ್ಗ ಆಗಿ ಹೋದ. ಊರೋರು ಅಂವನ ಸಂಗಡ ಹುಡ್ಗಿ ಓಡಿಹೋತು ಅಂದ್ರು. ನಾ ಸುಮ್ಮಂಗಿದ್ದೆ. ಹೆಣವೂ ಸಿಗ್ಲಿಲ್ಲ. ಅವ್ವಿ ಮಗಳ ಹೆಸರು ಬಾಯಲ್ಲಿ ತೆಗಿಯೂದಿಲ್ಲಂತೆ ಇವತ್ತಿಗೂ."

ಉಮಾಗೆ ಸಿಟ್ಟು ಬಂತು. ಎದುರಿಗಿದ್ದ ಮುದುಕನ ನಡುಗುವ ಗಲ್ಲ ನೋಡಿ ಸಿಟ್ಟು ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ. ಪರದೆಯ ಮೇಲೆ ತಲೆಯಿಲ್ಲದ ಹೆಣ್ಣು ನಿಂತೇ ಇದ್ದಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೂವತ್ತೊಂದು ವರ್ಷ ನಿಂತಿದೆ ಅದು," ಎಂದಳು. "ಮುಖ ನೋಡದೆ ಎಷ್ಟು ದಿನ ಪಂಚೆ ಹೊಚ್ಚಿಡ್ತಿ ದೇವಣ್ಣ?"

ದೇವು ಕೋಲೂರಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. "ಒತ್ತು" ಎಂದ.

ಒತ್ತಿದಳು. ಗೆರೆ ಅಳಿಸಿಹೋಯಿತು.

ಸೂಚಿಪರ್ಣ ಮರಗಳೂ ಹೋದವು. ಪರದೆಯ ತುಂಬ ಅಘನಾಶಿನಿಯ ಕೆಂಪು ನೀರು, ಉಪ್ಪುನೀರಲ್ಲಿ ಬೇರೂರಿದ ಕಾಂಡ್ಲ ಗಿಡಗಳ ಸಾಲು, ಚಿರೆಕಲ್ಲಿನ ಮೆಟ್ಟಿಲು. ಅದರ ಮೇಲೆ ಅವಳು. ದುಂಡು ಮುಖ, ಹುಬ್ಬಿನ ಪಕ್ಕ ಸಣ್ಣ ಕಲೆ. ಮುಖದಲ್ಲಿ ಸಿಟ್ಟಿರಲಿಲ್ಲ, ಶಾಪವಿರಲಿಲ್ಲ. ಮನೆಗೆ ಹೊತ್ತಾಯಿತೆಂಬ ಅವಸರವಷ್ಟೇ ಇತ್ತು. ಬಾಯಿ ತೆರೆದು ಕೂಗಿದಳು, ಸದ್ದು ಬರಲಿಲ್ಲ.

"ದೋಣಿ ತಂದೆ, ತಂದೆ," ಎಂದ ದೇವು. ಅವನ ಬೆರಳು ಬಾಣದ ಕೀಲಿಗಳ ಮೇಲೆ ಕೂತಿತು. ದೋಣಿ ತಿರುಗಿತು. ಇಳಿತಕ್ಕೆದುರಾಗಿ ಅಡ್ಡಹಾಯ್ದು, ಪಳಗಿದ ಕೈಯ ಹಾಗೆ, ಮೆಟ್ಟಿಲಿಗೆ ಮೈತಾಗಿಸಿ ನಿಂತಿತು. ಯಾರೋ ಹತ್ತಿದ ಹಾಗೆ ಪರದೆಯ ಚಿತ್ರ ಒಂದು ಬದಿಗೆ ಮೆಲ್ಲಗೆ ವಾಲಿತು. ಮೆಟ್ಟಿಲು ಖಾಲಿಯಾಗಿತ್ತು. ಮೂಲೆಯಲ್ಲಿ ದೋಣಿಯ ಸರಕಿನ ಭಾರ ತೋರಿಸುವ ಸೊನ್ನೆ, ಉಮಾ ನೋಡನೋಡುತ್ತಿದ್ದಂತೆ ನಲವತ್ತಾರು ಕಿಲೊ ಆಯಿತು.

ದೇವು ಹೊಳೆ ದಾಟಿಸಿದ. ಈಚೆ ದಡಕ್ಕೆ ಕಟ್ಟಿ ಕಾದ. ಅಂಕಿ ಬದಲಾಗಲಿಲ್ಲ.

"ದಡ ಬಂತಲ್ಲ, ಯಾಕೆ ಇಳೀಲಿಲ್ಲ?" ಉಮಾ ಪಿಸುಗುಟ್ಟಿದಳು.

"ಅದಕ್ಕೆ ದಡಕ್ಕಲ್ಲ, ಮನೆಗೆ ಹೋಗೂದಿತ್ತು," ಎಂದ ದೇವು. ಕೋಲು ಹಿಡಿದೆದ್ದ. "ಗಾಡಿ ತೆಗಿ ತಂಗಿ. ಮಿರ್ಜಾನಕ್ಕೆ ಬಿಡು ನನ್ನ."

ದಾರಿಯುದ್ದಕ್ಕೂ ಸ್ಕೂಟಿ ಮೂವರನ್ನು ಹೊತ್ತ ಹಾಗೆ ಏರಿನಲ್ಲಿ ಎಳೆಯಲಾರದೆ ಎಳೆಯಿತು. ಉಮಾ ಕನ್ನಡಿ ನೋಡಲಿಲ್ಲ.

ಲಕ್ಕಿಯ ಮನೆ ಗದ್ದೆಯಂಚಿನಲ್ಲಿತ್ತು. ಎಂಬತ್ತು ದಾಟಿದ ಮುದುಕಿ ಅಂಗಳದಲ್ಲಿ ತೆಂಗಿನ ಗರಿಯ ಕಡ್ಡಿ ಹೆರೆಯುತ್ತಿದ್ದಳು. ಮಗ ವೆಂಕ್ಟ್ರಮಣ, ಅಕ್ಕನನ್ನು ಹುಡುಕಿ ಹೋದಾಗ ಹದಿನಾರರವನಿದ್ದವನು, ಈಗ ತಲೆ ನರೆತು ಜಗುಲಿಯಲ್ಲಿ ಕೂತಿದ್ದ. ದೇವು ಅಂಗಳದಲ್ಲೇ ನಿಂತು ಎಲ್ಲ ಹೇಳಿದ. ತನ್ನದೆಷ್ಟು ತಪ್ಪೋ ಅಷ್ಟನ್ನೂ ಹೇಳಿದ, ಒಂದು ಮಾತೂ ಕಡಿಮೆ ಮಾಡಲಿಲ್ಲ. ಕಂಪ್ಯೂಟರಿನ ಸುದ್ದಿ ಮಾತ್ರ ತೆಗೆಯಲಿಲ್ಲ.

ವೆಂಕ್ಟ್ರಮಣ ಇಳಿದು ಬಂದು ಅವನ ಅಂಗಿ ಹಿಡಿದ. "ಅವಳ ಹೆಸರಿಗೆ ಮಸಿ ಬಳಿದ್ರಲ್ಲೋ ಊರೆಲ್ಲ! ನಾನೂ ನಂಬಿದ್ದೆ. ನಾನೂ ಬೈದಿದ್ದೆ ಅವಳಿಗೆ!" ದೇವು ಕೈ ಬಿಡಿಸಿಕೊಳ್ಳಲಿಲ್ಲ.

"ಬಿಡು ಅಂವನ್ನ," ಎಂದಳು ಲಕ್ಕಿ. ಕತ್ತಿ ಕೆಳಗಿಟ್ಟು, ಗೇಟಿನ ಹತ್ತಿರ ನಿಲ್ಲಿಸಿದ್ದ ಸ್ಕೂಟಿಯ ಕಡೆ ಹಣೆಗೆ ಕೈಯಿಟ್ಟು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. "ಬಿಸಿಲಾಗೆ ಎಂತಕೆ ನಿಂತಿದೆ ಅದು? ಒಳಗೆ ಬರೂಕೆ ಹೇಳು. ಕಾಲು ತೊಳ್ಕಂಡು ಬರ್ಲಿ."

ಮುದುಕಿ ತಾನೇ ಎದ್ದು ತಂಬಿಗೆಯಲ್ಲಿ ನೀರು ತಂದು ಮೆಟ್ಟಿಲ ಬಳಿ ಇಟ್ಟಳು. ಮತ್ತೆ ಬಂದು ಕೂತು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮಗಳ ಹೆಸರು ಹಿಡಿದು ಅತ್ತಳು.

ಐದು ದಿನದ ಮೇಲೆ ವೆಂಕ್ಟ್ರಮಣ ಕುಮಟಾದ ಅಂಗಡಿಗೆ ಬಂದ. ಅಕ್ಕನ ತಿಥಿಕಾರ್ಯಕ್ಕೆ ಫೋಟೊ ಬೇಕಿತ್ತು. ಮನೆಯಲ್ಲಿದ್ದವನ್ನೆಲ್ಲ ಅವ್ವ ಆ ಕಾಲದಲ್ಲೇ ಸುಟ್ಟಿದ್ದಳು. ಹೊಲಿಗೆ ಪರೀಕ್ಷೆಯ ಸರ್ಟಿಫಿಕೇಟಿನ ಮೂಲೆಯಲ್ಲಿ ಅಂಟಿಸಿದ್ದ ಉಗುರಿನಷ್ಟು ಚಿತ್ರವೊಂದು ಹೇಗೋ ಉಳಿದಿತ್ತು. ಉಮಾ ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಳು. ದುಂಡು ಮುಖ. ಹುಬ್ಬಿನ ಪಕ್ಕ ಕಲೆ.

"ಎಂತ ಆತು? ಸರಿ ಬರೂದಿಲ್ವಾ?" ಅವಳ ಕೈ ನಿಂತದ್ದು ನೋಡಿ ವೆಂಕ್ಟ್ರಮಣ ಕೇಳಿದ.

"ಬರ್ತದೆ," ಎಂದು ಉಮಾ ಕಲೆಯನ್ನು ಅಳಿಸದೆ ಹಾಗೇ ಪ್ರಿಂಟ್ ಕೊಟ್ಟಳು.

ಮಂಗಳವಾರ ಹೊಳೆದಂಡೆಯಲ್ಲಿ ಕಾರ್ಯ ಮುಗಿಯಿತು. ಊರಿನ ಜನ ಬಂದಿದ್ದರು, ತಲೆ ತಗ್ಗಿಸಿ ನಿಂತಿದ್ದರು. ದೇವು ಎಲ್ಲರಿಂದ ದೂರ ಕಾಂಡ್ಲ ಗಿಡದ ಹತ್ತಿರ ಸೊಂಟದ ತನಕ ನೀರಿನಲ್ಲಿ ನಿಂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಜನ ಕರಗಿದ ಮೇಲೆ ಅವನು ದಡ ಹತ್ತಿ ಧಾರೇಶ್ವರದ ದಾರಿ ಹಿಡಿದಿದ್ದ. ಹಿಂದಿನಿಂದ ಲಕ್ಕಿ ಕೂಗಿದಳು.

"ಏ ದೇವು, ಬಾಳೆ ಎಲೆ ಹಾಕಿದ್ದೆ. ಉಂಡ್ಕಂಡು ಹೋಗು."