ಅಪ್ಪನ್ನ ಕರಕೊಂಡು ಬಾ

ಕಸ್ತೂರೆವ್ವ ರೊಟ್ಟಿ ಬಡಿಯುತ್ತಲೇ ಮಗನನ್ನು ಕೂಗಿದಳು. ಸತ್ಯಪ್ಪ ಪಡಸಾಲೆಯಲ್ಲಿ ಒಲೆಯ ಕಡೆಗೆ ಬೆನ್ನು ಮಾಡಿ ಕುಳಿತು ಪಾಟಿಯ ಮೇಲೆ ಎತ್ತಿನ ಚಿತ್ರ ಬರೆಯುತ್ತಿದ್ದ. ಮತ್ತೆ ಕೂಗಿದಳು. ಹುಡುಗ ಅಲುಗಲಿಲ್ಲ. ಅತ್ತೆ ಶಿವಗಂಗವ್ವ ದನದ ಕೊಟ್ಟಿಗೆಯಿಂದ ಓಣಿಗೆಲ್ಲ ಕೇಳುವ ಹಾಗೆ ಒದರಿದಾಗ ಮಾತ್ರ ತಿರುಗಿ ನೋಡಿದ.

"ನೋಡಿದೇನ ಮೊಂಡನ್ನ? ನೀ ಕರದ್ರ ಕಿವ್ಯಾಗ ಹಾಕ್ಕೊಳ್ಳೂದಿಲ್ಲ. ನಾ ಒದರಿದ್ರ ಅಷ್ಟ ಏಳ್ತಾನ," ಎಂದಳು ಶಿವಗಂಗವ್ವ.

ಎಂಬತ್ತೇಳನೆಯ ಇಸವಿಯ ಮಾತು. ಜುಗೂಳದಿಂದ ಹೊಳೆಗುಂಟ ನಡೆದರೆ ಸಿಗುವ ಸಣ್ಣ ಊರು. ಕಸ್ತೂರೆವ್ವನ ಗಂಡ ಮುರಗೆಪ್ಪನದು ಕಬ್ಬಿನ ಹೊಲವಿದ್ದ ಗಟ್ಟಿ ಮನೆತನ. ಬೆಳೆದು ನಿಂತ ಕಬ್ಬಿನ ಈ ತುದಿಯಿಂದ ಆ ತುದಿಗೆ ಮಾತಾಡಿ ರೂಢಿಯಾದವರು ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದರು. ಅಂಥ ಮನೆಯಲ್ಲಿ ಒಬ್ಬ ಹುಡುಗನ ಕಿವಿ ಮಂದವಾಗುತ್ತಿದ್ದದ್ದು ಯಾರಿಗೆ ತಿಳಿದೀತು? ಅವನ ತಲೆದಿಂಬು ಮಾತ್ರ ಹೇಳುತ್ತಿತ್ತು. ಮುಂಜಾನೆ ಅದರ ಮೇಲೆ ಹಳದಿ ಕಲೆ, ಕೆಟ್ಟ ವಾಸನೆ. ಕಸ್ತೂರೆವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟು ಅರಳೆ ತುರುಕುತ್ತಿದ್ದಳು. ಅತ್ತೆ ಹೇಳಿಕೊಟ್ಟ ಔಷಧ ಅದು, ಅತ್ತೆಗೆ ಅವಳ ಅತ್ತೆ ಹೇಳಿಕೊಟ್ಟದ್ದು.

ಇನ್ನು ಆ ಊರಿನ ಸರಕಾರಿ ಶಾಲೆಯ ಪದ್ಧತಿಯನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮಗನ ಹೆಸರು ಹಚ್ಚಲು ಒಮ್ಮೆ ಹೋದ ತಂದೆ, ಮಗ ತಪ್ಪು ಮಾಡಿದ ಹೊರತು ಮತ್ತೆ ಆ ಕಡೆ ಮುಖ ಹಾಕುತ್ತಿರಲಿಲ್ಲ. ಮಾಸ್ತರರೂ ಕರೆಯುತ್ತಿರಲಿಲ್ಲ. 'ಅಪ್ಪನ್ನ ಕರಕೊಂಡು ಬಾ' ಅಂದರೆ ಊರಿಗೆಲ್ಲ ಒಂದೇ ಅರ್ಥ. ಅಪ್ಪ ಬರಬೇಕು, ಚಪ್ಪಲಿ ಹೊರಗೆ ಬಿಡಬೇಕು, ಏನು ಎತ್ತ ಎಂದು ಕೇಳದೆ ಎಲ್ಲರೆದುರು ಮಗನ ಕಪಾಳಕ್ಕೆ ಬಾರಿಸಬೇಕು. ಅದು ಗುರುಗಳಿಗೆ ಸಲ್ಲಿಸುವ ಮರ್ಯಾದೆ! ಮೆಲ್ಲಗೆ ಹೊಡೆದರೆ 'ಮಗನ್ನ ತಲಿ ಮ್ಯಾಲ ಕುಂಡ್ರಿಸಿಕೊಂಡಾನ' ಎಂದು ಕಟ್ಟೆಯ ಮೇಲೆ ಆಡಿಕೊಳ್ಳುತ್ತಿದ್ದರು. ತಾಯಂದಿರಂತೂ ಶಾಲೆಯ ಗೇಟು ದಾಟುತ್ತಲೇ ಇರಲಿಲ್ಲ. ಕಸ್ತೂರೆವ್ವ ದಿನಾ ನೀರಿನ ಕೊಡ ಹೊತ್ತು ಅದೇ ಗೇಟಿನ ಮುಂದೆ ಹಾಯುವವಳು. ಒಳಗೆ ಎಷ್ಟು ಕೋಣೆಗಳಿವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸತ್ಯಪ್ಪ ಬೋರ್ಡಿನ ಮೇಲಿನದನ್ನು ಮುತ್ತಿನಂತೆ ಬರೆದುಕೊಳ್ಳುತ್ತಿದ್ದ. ಬಾಯಿಂದ ಹೇಳಿ ಬರೆಸಿದರೆ ಮಾತ್ರ ಪಾಟಿ ಖಾಲಿ. ಅಣ್ಣಾಸಾಬ ಮಾಸ್ತರರಿಗೆ ಅದು ಸೊಕ್ಕಾಗಿ ಕಂಡಿತು. ಕರೆಸಿದರು. ಮುರಗೆಪ್ಪ ಹೋದ, ಹೊಡೆದ.

"ನಿನ್ನಂಥಾ ಪಾಲಕರ ಇರಬೇಕ ನೋಡ ಮುರಗೆಪ್ಪಾ," ಎಂದು ಮಾಸ್ತರರು ಚಹಾ ತರಿಸಿದರು. ಇಬ್ಬರೂ ಕಬ್ಬಿನ ಹಂಗಾಮಿನ ಬಗ್ಗೆ, ಹೊಳೆಯ ನೀರಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹುಡುಗನ ವಿಷಯ ಮಾತ್ರ ಬರಲೇ ಇಲ್ಲ.

ಊಟಕ್ಕೆ ಕೂತಾಗ ಕಸ್ತೂರೆವ್ವ ಗಂಡನನ್ನು ಕೇಳಿದಳು. "ಯಾಕ ಕರಸಿದ್ರಂತ್ರಿ?"

"ಯಾಕರ ಇರವಲ್ದ್ಯಾಕ. ಹೊಡದ ಬಂದೇನಿ."

"ಅಂವನ ಕಿವಿ ಸೋರತಾವು ಅಂತ ಮಾಸ್ತರಗೆ ಒಂದ ಮಾತ ಹೇಳಬೇಕಿತ್ರಿ."

ಶಿವಗಂಗವ್ವ ನಡುವೆ ಬಾಯಿ ಹಾಕಿದಳು. "ಮನ್ಯಾಗಿನ ಬ್ಯಾನಿ ಬ್ಯಾಸರಕಿ ಸಾಲ್ಯಾಗ ಹೇಳತಾರೇನ? ನಾಳೆ ಹುಡುಗಗ ಕಿವುಡ ಅಂತ ಹೆಸರ ಬಿದ್ರ ಹೆಣ್ಣ ಯಾರ ಕೊಡತಾರ? ಅವರ ಕೆಲಸ ಅವರ ಮಾಡ್ಲಿ, ನಮ್ಮದ ನಾವ ಮಾಡೂಣು."

ಕಸ್ತೂರೆವ್ವ ಸುಮ್ಮನಾದಳು. ಮುಂದೆ ಎಷ್ಟೋ ವರ್ಷ ಅವಳ ಎದೆ ಕೊರೆದದ್ದು ಆ ಸುಮ್ಮನಾದದ್ದೇ.

ಮರುವರ್ಷ ಶೇಡಬಾಳದಿಂದ ಕುಸುಮ ಅಕ್ಕೋರು ಬಂದರು. ಹೊಸ ಶಿಕ್ಷಕಿ, ಇನ್ನೂ ಚಿಕ್ಕ ವಯಸ್ಸು. ಸತ್ಯಪ್ಪ ತಮ್ಮ ತುಟಿಯನ್ನೇ ನೋಡುತ್ತಾನೆ, ತಾವು ಬೋರ್ಡಿನ ಕಡೆ ತಿರುಗಿದರೆ ತಬ್ಬಿಬ್ಬಾಗುತ್ತಾನೆ ಎಂಬುದು ಅವರ ಕಣ್ಣಿಗೆ ಬಿತ್ತು. ಒಂದು ದಿನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ. ಎದುರಿಗೆ ಬಂದು, ತುಟಿ ಬಿಡಿಸಿ ಹೇಳಿದರು: "ಅಪ್ಪನ್ನ ಕರಕೊಂಡ ಬಾ. ಅವ್ವನ್ನೂ ಕರಕೊಂಡ ಬಾ."

ಪಾಪ, ಹೊಸಬರು. ಆ ಮಾತಿಗೆ ಈ ಊರಿನಲ್ಲಿರುವ ಅರ್ಥ ಅವರಿಗೆ ಗೊತ್ತಿರಲಿಲ್ಲ.

ಕಬ್ಬು ಕಡಿಯುವ ದಿನಗಳು. ಹೊಲದಿಂದ ಎದ್ದು ಬರಬೇಕಾಯಿತಲ್ಲ ಎಂದು ಮುರಗೆಪ್ಪ ಕುದಿಯುತ್ತ ಬಂದ. ಕಸ್ತೂರೆವ್ವ ಸೆರಗು ಹೊದ್ದು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಗಣಮಕ್ಕಳ ನಡುವ ನೀ ಏನ ಮಾಡ್ತಿ?" ಕಸ್ತೂರೆವ್ವ ಆ ದಿನ ಕೇಳಲಿಲ್ಲ, ಗಂಡನ ಹಿಂದೆ ನಡೆದಳು. ಆದರೆ ಗೇಟಿನ ತನಕ ಹೋದ ಕಾಲುಗಳು ಅಲ್ಲಿಯೇ ನಿಂತುಬಿಟ್ಟವು. ರೂಢಿ ಅಂದರೆ ಹಾಗೆ. ಒಳಗೆ ಹೋಗಬೇಡ ಎಂದು ಗೇಟಿನಲ್ಲಿ ಯಾರೂ ತಡೆದಿರಲಿಲ್ಲ.

ಗೇಟಿನಿಂದ ಬಾಗಿಲೊಳಗೆ ಕಾಣುತ್ತಿತ್ತು. ಗಂಡ ಚಪ್ಪಲಿ ಬಿಟ್ಟದ್ದು ಕಂಡಿತು. ಅಕ್ಕೋರು ಕುರ್ಚಿಯಿಂದ ಏಳುತ್ತಿದ್ದರು, ನಮಸ್ಕಾರ ಎನ್ನಲು ಕೈ ಎತ್ತುತ್ತಿದ್ದರು. ಅಷ್ಟರಲ್ಲಿ ಮುರಗೆಪ್ಪನ ಅಗಲ ಅಂಗೈ ಮಗನ ಎಡಗಿವಿಯ ಮೇಲೆ ಬಿತ್ತು. ಹುಡುಗ ಗೋಡೆಗೆ ಹೋಗಿ ಬಿದ್ದ. ಕಿವಿಯಿಂದ ರಕ್ತ ಇಳಿಯಿತು.

"ನಾ ಬೈಯಾಕ ಕರಸಿಲ್ರಿ," ಕುಸುಮ ಅಕ್ಕೋರು ನಡುವೆ ಬಂದು ನಿಂತರು. "ಇವಗ ಕಿವಿ ಕೇಳಸವಲ್ದು, ದವಾಖಾನಿಗೆ ತೋರಸ್ರಿ ಅಂತ ಹೇಳಾಕ ಕರಸೇನ್ರಿ."

ಕಸ್ತೂರೆವ್ವ ಯಾವಾಗ ಒಳಗೆ ಓಡಿ ಬಂದಳೋ ಅವಳಿಗೇ ತಿಳಿಯದು. ಮಗನನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಕಿವಿ ಒತ್ತಿ ಹಿಡಿದಳು. ಮುರಗೆಪ್ಪ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಅಕ್ಕೋರು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಕಿವಿ ಸೋರತಿತ್ತೇನ್ರಿ ಮೊದಲ?"

"ಹ್ವಾದ ಮಳಿಗಾಲದ ಹಿಂದಿನ ಮಳಿಗಾಲದಿಂದ್ರಿ."

"ಮತ್ತ ಸಾಲ್ಯಾಗ ಯಾಕ ಹೇಳಲಿಲ್ರಿ?"

"ಯಾರ ಕೇಳಿದ್ರಿ ಅಕ್ಕೋರ?"

ಕುಸುಮ ಅಕ್ಕೋರು ತಲೆ ತಗ್ಗಿಸಿದರು. "ಖರೇ ಐತ್ರಿ. ನಾವೂ ಕೇಳಲಿಲ್ಲ. ಅರ್ಧಾ ನಿಮಗ ಗೊತ್ತಿತ್ತು, ಅರ್ಧಾ ನಮಗ. ಒಂದ ದಿನಾ ಕೂಡಿ ಕುಂತಿದ್ರ ಸಾಕಾಗಿತ್ತು."

ಹೌದು, ಅಷ್ಟು ಸಾಕಿತ್ತು. ಅದಕ್ಕೆ ಸರಕಾರದ ಅಪ್ಪಣೆ ಬೇಕಿರಲಿಲ್ಲ, ಕಟ್ಟಡ ಬೇಕಿರಲಿಲ್ಲ. ತಾಯಿ ಗೇಟು ದಾಟಿ ಬರಬೇಕಿತ್ತು, ಮಾಸ್ತರರು ಅವಳಿಗೆ ಕೂಡ್ರಿ ಎನ್ನಬೇಕಿತ್ತು.

ಮಿರಜಿನ ದವಾಖಾನೆಗೆ ಹೋಗಲು ಶಿವಗಂಗವ್ವ ಆಗಲೂ ಒಪ್ಪಲಿಲ್ಲ. "ಎಣ್ಣಿ ಬಿಟ್ರ ವಾಸಿ ಆಗತೈತಿ. ಆ ಹೆಣ್ಮಗಳ ಮಾತ ಕೇಳಿ ಹುಡುಗನ ಕಿವಿ ಕೊಯ್ಸತೀರೇನ?" ಮುರಗೆಪ್ಪ ಮಗನನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ತಾಯಿಯ ಮಾತನ್ನು ಅವನು ಮೀರಿದ್ದು ಅದೇ ಮೊದಲು. ಕಸ್ತೂರೆವ್ವ ಅವನ ಹಿಂದೆ ಹತ್ತಿದಳು.

ಡಾಕ್ಟರು ಬಹಳ ಹೊತ್ತು ನೋಡಿ, ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ಆಧೀ ಕಾ ನಾಹೀ ಆಣಲಂ?" ಮೊದಲೇ ಯಾಕೆ ಕರೆತರಲಿಲ್ಲ ಎಂದು. ಕೀವು ಒಳಗಿನ ಎಲುಬನ್ನು ತಿಂದಿತ್ತು, ಹರಿಯುವುದಕ್ಕೆ ಬಂದಿದ್ದ ಪರದೆಯನ್ನು ಪೆಟ್ಟು ಪೂರ್ತಿ ಹರಿದಿತ್ತು. ಎಡಗಿವಿ ಹೋಯಿತು. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಬಳಿಗೆ ಬಂದು ಗಟ್ಟಿಯಾಗಿ ಹೇಳಿದರೆ ಕೇಳೀತು. ಒಂದು ವರ್ಷ ಮೊದಲು ಬಂದಿದ್ದರೆ ಎರಡನ್ನೂ ಉಳಿಸಬಹುದಿತ್ತೆಂದು ಡಾಕ್ಟರು ಹೇಳಿದರು.

ಅವರು ಮರಳಿ ಬರುವಷ್ಟರಲ್ಲಿ ಕುಸುಮ ಅಕ್ಕೋರು ಮನೆಮನೆಗೆ ಹೋಗಿ ಬಂದಿದ್ದರು. ತಿಂಗಳಿಗೊಮ್ಮೆ ಶನಿವಾರ ತಂದೆ ತಾಯಿ ಇಬ್ಬರೂ ಶಾಲೆಗೆ ಬರಬೇಕು, ತಪ್ಪು ಕೇಳಲು ಅಲ್ಲ, ಮಕ್ಕಳ ಸುದ್ದಿ ಮಾತಾಡಲು. ಅಣ್ಣಾಸಾಬ ಮಾಸ್ತರರು ಮೊದಲು ನಕ್ಕರು, ಆಮೇಲೆ ತಾವೇ ಚಾಪೆ ಹಾಸಿಸಿದರು.

ಮೊದಲ ಶನಿವಾರ ಮುರಗೆಪ್ಪ, ಕಸ್ತೂರೆವ್ವ ಜೋಡಿಯಾಗಿ ಗೇಟು ದಾಟಿದರು. ಬಾಗಿಲಲ್ಲಿ ಮುರಗೆಪ್ಪ ಚಪ್ಪಲಿ ಬಿಟ್ಟ. ಮಕ್ಕಳ ಸಾಲಿನಲ್ಲಿದ್ದ ಸತ್ಯಪ್ಪ ಅಪ್ಪನನ್ನು ನೋಡಿದ. ಇವತ್ತು ಪಾಲಕರು ಯಾಕೆ ಬಂದಿದ್ದಾರೆಂದು ಎಲ್ಲ ಮಕ್ಕಳಿಗೂ ಹೇಳಿಯಾಗಿತ್ತು, ಅವನ ಬಳಿಗೆ ಹೋಗಿ ಹೇಳುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹುಡುಗ ತಾನೇ ಎದ್ದು ಮುಂದೆ ಬಂದ, ಕೈ ಹಿಂದೆ ಕಟ್ಟಿದ. ಎಡಗಿವಿಗೆ ಪಟ್ಟಿ ಸುತ್ತಿದ್ದರು. ಅದಕ್ಕೇ ಬಲಗಡೆಯ ಕೆನ್ನೆಯನ್ನು ಅಪ್ಪನ ಕಡೆ ಮಾಡಿ ಕಣ್ಣು ಮುಚ್ಚಿ ನಿಂತ.

ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿದಳು. ಮುರಗೆಪ್ಪ ಎಲ್ಲರೆದುರು ಮಗನ ಮುಂದೆ ನೆಲಕ್ಕೆ ಕೂತ.

"ಹೊಡ್ಯಾಕ ಬಂದಿಲ್ಲೋ ಮಗನ," ಎಂದ ಮೆಲ್ಲಗೆ.

ಸತ್ಯಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಹಾಗೆಯೇ ಕಣ್ಣು ಮುಚ್ಚಿ ನಿಂತಿದ್ದ.