ಏಳನೇ ನಂಬರಿನ ಸನ್ನಡತೆ

ಮಕ್ಕಳು ಓದುವುದಿಲ್ಲ ಎಂದು ಗೋಳಾಡುವ ದೊಡ್ಡವರನ್ನು ಹಿಡಿದು ನಿಲ್ಲಿಸಿ, ನೀವು ಕೊನೆಯದಾಗಿ ಓದಿ ಮುಗಿಸಿದ ಪುಸ್ತಕ ಯಾವುದು ಸ್ವಾಮಿ ಎಂದು ಕೇಳಬೇಕು. ಗ್ರಂಥಾಲಯದ ಅಧ್ಯಕ್ಷರನ್ನು ಹಾಗೆ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಈ ನಿವೃತ್ತ ಹೆಡ್ ಮಾಸ್ತರರು ‘ಸನ್ನಡತೆಗೆ ಹದಿನೆಂಟು ಮೆಟ್ಟಿಲು’ ಎಂಬ ಪುಸ್ತಕ ಬರೆದು ಇಪ್ಪತ್ತು ವರ್ಷವಾಗಿತ್ತು. ಅದಕ್ಕೇ ಮಕ್ಕಳು ಅವರಿಗೆ ಮೆಟ್ಟಿಲಜ್ಜ ಎಂದು ಹೆಸರಿಟ್ಟಿದ್ದರು. ಆ ಪುಸ್ತಕವನ್ನು ಪೂರ್ತಿ ಓದಿದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಬರೆದವರು, ಇನ್ನೊಬ್ಬರು ಅಚ್ಚಿನ ತಪ್ಪು ತಿದ್ದಿದವರು.

ಬೇಸಿಗೆ ರಜೆಗೆ ಎರಡು ವಾರವಿದೆ ಎನ್ನುವಾಗ ಅವರು ಮಕ್ಕಳ ಕೋಣೆಗೆ ಬಂದು ನಿಂತರು. ಆ ಕೋಣೆಯನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಪುಸ್ತಕದಕ್ಕ. ಹಾಗೆಂದು ಕರೆದು ಕರೆದು ಅವಳ ನಿಜವಾದ ಹೆಸರು ಮಕ್ಕಳಿಗೆ ಮರೆತೇಹೋಗಿತ್ತು. ಸೊಂಟದೆತ್ತರದ ಕಪಾಟುಗಳಿಗೆ ಅವಳೇ ಬಣ್ಣ ಬಳಿದಿದ್ದಳು. ಮೀಸೆ ಚಿಗುರುವ ವಯಸ್ಸಿನವರು ಸಣ್ಣ ಮಕ್ಕಳ ಜೊತೆ ಕೂರಲು ನಾಚುತ್ತಾರೆಂದು ಕಿಟಕಿಯ ಕೆಳಗೆ ಬೇರೆ ಚಾಪೆ ಹಾಸಿದ್ದಳು. ಆದರೂ ಹೋದ ವರ್ಷ ಬಂದವರನ್ನು ಬೆರಳಲ್ಲೇ ಎಣಿಸಬಹುದಿತ್ತು.

ಈ ರಜೆ ನೋಡುತ್ತೇನೆ, ಮಕ್ಕಳು ಬಾರದಿದ್ದರೆ ಇದು ಸಮಿತಿಯ ಸಭಾಂಗಣವಾಗುತ್ತದೆ, ಉದ್ದನೆಯ ಮೇಜಿಗೆ ಹೇಳಿಯೂ ಆಗಿದೆ ಎಂದರು ಅಧ್ಯಕ್ಷರು. ಏನು ಓದಬೇಕೆಂಬುದನ್ನೂ ಅವರೇ ತೀರ್ಮಾನಿಸಿದ್ದರು. ದೆವ್ವ, ಕಳ್ಳರು, ಮನೆ ಬಿಟ್ಟು ಓಡುವ ಹುಡುಗಿಯರು ಎಂದು ಮೂಗು ಮುರಿಯುತ್ತಾ ಕಪಾಟಿನಿಂದ ಹನ್ನೆರಡು ಹರಕು ಕತೆಪುಸ್ತಕ ಎಳೆದು ಹಾಕಿದರು. ಇವು ರದ್ದಿಗೆ. ಇವುಗಳ ಜಾಗಕ್ಕೆ ‘ಹದಿನೆಂಟು ಮೆಟ್ಟಿಲಿ’ನ ಹನ್ನೆರಡು ಪ್ರತಿ, ಗಟ್ಟಿ ರಟ್ಟು ಹಾಕಿಸಿ ಎಂದರು. ಪ್ರತಿಗಳ ಜೊತೆ, ರಟ್ಟಿನ ಮೇಲೆ ಅಂಟಿಸಲು ಪುಸ್ತಕದ ಹೆಸರೂ ತಮ್ಮ ಹೆಸರೂ ಇದ್ದ ಹೊಂಬಣ್ಣದ ಲೇಬಲ್ಲನ್ನೂ ಅಚ್ಚು ಹಾಕಿಸಿ ತಂದಿದ್ದರು.

ಅವರು ಹೋದ ಮೇಲೆ ಅಕ್ಕ ಕಪಾಟಿನ ಹಿಂದೆ ಕೂತು ಅತ್ತಳು. ಅತ್ತು ಮುಗಿಸಿ ಎರಡು ಕಟ್ಟು ಕಟ್ಟಿದಳು. ಎರಡನ್ನೂ ತನ್ನ ಸೋದರಮಾವನ ಅಂಗಡಿಗೆ ಕಳಿಸಿದಳು. ಮಾವ ನಲವತ್ತು ವರ್ಷದಿಂದ ಬೈಂಡರ್, ರದ್ದಿ ಗಾಡಿಯೂ ಅವನ ಬಾಗಿಲಿಗೇ ಬರುತ್ತಿತ್ತು. ಒಂದು ಕಟ್ಟಿಗೆ ರಟ್ಟು ಹಾಕಿ ಈ ಲೇಬಲ್ ಅಂಟಿಸು, ಇನ್ನೊಂದು ರದ್ದಿಗೆ ಎಂದು ಚೀಟಿ ಬರೆದಳು. ಯಾವುದಕ್ಕೆ ಯಾವುದು ಎಂದು ಬರೆಯಲಿಲ್ಲ. ಕಣ್ಣಿದ್ದವರಿಗೆ ಅಷ್ಟೂ ತಿಳಿಯುವುದಿಲ್ಲವೇ?

ಹನ್ನೆರಡು ಪುಸ್ತಕ ಕಪ್ಪು ಬಟ್ಟೆಯ ರಟ್ಟು ಹೊದ್ದು ವಾಪಸ್ ಬಂದವು. ಅಕ್ಕ ಅವನ್ನು ತೆರೆದೂ ನೋಡಲಿಲ್ಲ. ಬೆನ್ನಿಗೆ ಒಂದರಿಂದ ಹನ್ನೆರಡರವರೆಗೆ ನಂಬರ್ ಹಚ್ಚಿ, ಮುಖ ಗಂಟು ಹಾಕಿಕೊಂಡೇ ಜೋಡಿಸಿದಳು.

ರಜೆಯ ಮೊದಲ ದಿನ ಬಂದವರು ನಾಲ್ಕು ಜನ. ಅವರಲ್ಲಿ ಹದಿನಾಲ್ಕರ ಒಬ್ಬ ಹುಡುಗಿಯನ್ನು ತಾಯಿ ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದಳು. ಒಂದು ವರ್ಷದಿಂದ ಅವಳ ಬಾಯಲ್ಲಿ ‘ಬೋರು’ ಎಂಬ ಒಂದೇ ಮಾತಂತೆ. ತಾಯಿ ಹೊಂಬಣ್ಣದ ಹೆಸರು ನೋಡಿ, ನಿನಗೆ ಇದೇ ಬೇಕಾಗಿರುವುದು ಎಂದು ಏಳನೇ ನಂಬರನ್ನು ಕೈಗೆ ತುರುಕಿದಳು. ಹುಡುಗಿ ಸೊಟ್ಟ ಮೂತಿಯಲ್ಲೇ ಪುಟ ತೆಗೆದಳು. ತೆಗೆದವಳು ಚಾಪೆಗೆ ಹೋಗಿ ಬೋರಲಾದಳು. ತಾಯಿ ಮೂರು ಸಲ ಕರೆದು, ಸಾಕಾಗಿ ಮನೆಗೆ ಹೋದಳು.

ಇದೇನಪ್ಪಾ ಪವಾಡ ಎಂದು ಅಕ್ಕ ಹಿಂದಿನಿಂದ ಇಣುಕಿದಳು. ಮೊದಲ ಸಾಲೇ ಹೀಗಿತ್ತು: ಬಾವಿಯೊಳಗಿಂದ ಯಾರೋ ಕೆಮ್ಮಿದರು.

ಅಕ್ಕ ಕಪಾಟಿಗೆ ಕೈ ಹಾಕಿದಳು. ಒಂದನೇ ನಂಬರ್ ತೆಗೆದರೆ ದೆವ್ವ. ನಾಲ್ಕನೆಯದರಲ್ಲಿ ಹುಡುಗಿಯೊಬ್ಬಳು ಗೂಡ್ಸ್ ರೈಲು ಹತ್ತುತ್ತಿದ್ದಳು. ಅಕ್ಕ ಕೋಣೆಯನ್ನು ಜವಾನನಿಗೆ ಒಪ್ಪಿಸಿ ಮಾವನ ಅಂಗಡಿಗೆ ಓಡಿದಳು. ಮಾವ ದಬ್ಬಳಕ್ಕೆ ದಾರ ಪೋಣಿಸುತ್ತಾ ಶಾಂತವಾಗಿ ಕೇಳಿಸಿಕೊಂಡ.

“ಹರಿದಿದ್ದಕ್ಕೆ ತಾನೆ ಹೊಲಿಗೆ ಹಾಕೋದು?” ಎಂದ. “ಇನ್ನೊಂದು ಕಟ್ಟು ಗರಿಗರಿಯಾಗಿತ್ತು ಕಣಮ್ಮಾ, ಒಬ್ಬರೂ ಮುಟ್ಟಿರಲಿಲ್ಲ. ಯಾರೂ ಮುಟ್ಟದೇ ಇರೋ ಪುಸ್ತಕಕ್ಕೆ ರಟ್ಟು ಯಾಕೆ?”

ಲೇಬಲ್ ಓದಲಿಲ್ಲವೇ ಎಂದರೆ, ಹೆಸರಿಡುವುದು ನಿಮ್ಮ ಕೆಲಸ, ಅಂಟಿಸುವುದು ನನ್ನದು ಎಂದ. ಗರಿಗರಿ ಕಟ್ಟು ರದ್ದಿ ಗಾಡಿ ಹತ್ತಿ ವಾರವಾಗಿತ್ತು. ತಪ್ಪಾಗಿದ್ದರೆ ರಟ್ಟು ಕಿತ್ತುಕೊಡುತ್ತೇನೆ ಎಂದು ಮಾವ ಚಾಕು ಎತ್ತಿಕೊಂಡ. ಅಕ್ಕ ಅವನ ಕೈ ತಡೆದಳು.

“ಬೇಡ ಮಾವ,” ಎಂದಳು. “ಹೊಲಿಗೆ ಚೆನ್ನಾಗಿ ಬಂದಿದೆ.”

ವಾರದೊಳಗೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಮೂರು ಓದಿದೆಯಾ, ಒಂಬತ್ತು ಇನ್ನೂ ಚೆನ್ನಾಗಿದೆ ಎಂದು ಮಕ್ಕಳು ನಂಬರಿನಲ್ಲೇ ಪಿಸುಗುಟ್ಟಿದರು. ಏನು ಓದುತ್ತಿದ್ದೀಯ ಎಂದು ಮನೆಯವರು ಕೇಳಿದರೆ ಸನ್ನಡತೆ ಎನ್ನುವರು. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಅಂದಳಂತೆ, ಅಂಥ ಮುಖ. ಊಟದ ತಟ್ಟೆಯ ಪಕ್ಕದಲ್ಲೂ ಸನ್ನಡತೆ ಬಿಡದ ಮಗನನ್ನು ಬೈಯುವುದು ಹೇಗೆಂದು ಒಬ್ಬ ತಂದೆ ಅಕ್ಕನನ್ನೇ ಬಂದು ಕೇಳಿದ. ಒಬ್ಬರಿಗೆ ಒಂದು ವಾರ ಎಂದು ಅಕ್ಕ ಸರದಿ ಗೊತ್ತುಮಾಡಿದಳು. ಏಳನೇ ನಂಬರಿಗೇ ನೂಕುನುಗ್ಗಲು ಹೆಚ್ಚು.

ಅಧ್ಯಕ್ಷರು ಬಂದದ್ದು ಮೂರನೇ ವಾರದಲ್ಲಿ, ಮೇಜಿಗೆ ಅಳತೆ ತೆಗೆಯಲು ಟೇಪು ಹಿಡಿದುಕೊಂಡು. ನಲವತ್ತು ಮಕ್ಕಳು, ಎಲ್ಲಿ ನೋಡಿದರೂ ತಮ್ಮ ಹೆಸರಿನ ರಟ್ಟು. ಅವರ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಬೇಕು. ಏಳನೇ ನಂಬರನ್ನು ಎರಡನೇ ಸಲ ಓದಿ ವಾಪಸ್ ಕೊಡಲು ಬಂದಿದ್ದ ಹದಿನಾಲ್ಕರ ಹುಡುಗಿಯ ತಲೆ ಸವರಿ, ಇದರಲ್ಲಿ ನಿನಗೇನಮ್ಮ ಹಿಡಿಸಿತು ಎಂದು ಕೇಳಿದರು.

“ಕೊನೇವರೆಗೂ ಏನಾಗುತ್ತೆ ಅಂತ ಗೊತ್ತಾಗಲ್ಲ ತಾತ,” ಎಂದಳು.

ಹದಿನೆಂಟು ಮೆಟ್ಟಿಲಿನ ಕೊನೆಗೆ ಏನಾಗುತ್ತದೆಂದು ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಪುಸ್ತಕ ತೆಗೆದುಕೊಂಡು ಬಿಡಿಸಿದರು. ಅಕ್ಕ ಕಪಾಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವರು ಒಂದು ಪುಟ ಓದಿದರು, ರಟ್ಟು ನೋಡಿದರು, ಕನ್ನಡಕ ಒರೆಸಿ ಇನ್ನೊಂದು ಪುಟ ಓದಿದರು. ಮುಖ ಕೆಂಪಾಯಿತು. ಕೈ ಹಿಂದಕ್ಕೆ ಚಾಚಿ ತಡಕಾಡಿದಾಗ ಪುಟ್ಟ ಮಕ್ಕಳ ಸ್ಟೂಲು ಸಿಕ್ಕಿತು. ಅದರ ಮೇಲೆ ಕೂತು ಅಧ್ಯಕ್ಷರು ಮೂರನೇ ಪುಟ ತಿರುವಿದರು.

ಅರ್ಧ ಗಂಟೆಯಾದ ಮೇಲೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಅವರ ಮುಂದೆ ಬಂದು ಕೈ ಚಾಚಿ, ಈಗ ನನ್ನ ಸರದಿ ಎಂದಳು. ಅಧ್ಯಕ್ಷರು ತಲೆಯೆತ್ತಿ ಅಕ್ಕನನ್ನು ನೋಡಿದರು. ಅವರಿಗೆ ಎಲ್ಲಾ ತಿಳಿದಿದೆ ಎಂದು ಅಕ್ಕನಿಗೂ ತಿಳಿಯಿತು. ಒಂದು ಮಾತು ಆಡಿದರೆ ಸಾಕು, ಕೋಣೆ ಹೋಯಿತು, ಕೆಲಸವೂ ಹೋಯಿತು. ಆದರೆ ಇದು ನಾನು ಬರೆದದ್ದಲ್ಲ ಎಂಬ ಮಾತನ್ನು ಆ ನಲವತ್ತು ಮಕ್ಕಳ ಮುಂದೆ ಆಡಬೇಕಿತ್ತು.

ಅಧ್ಯಕ್ಷರು ಪುಸ್ತಕ ಕೊಟ್ಟು ಎದ್ದು, ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದರು.

“ಬಾವಿಯಲ್ಲಿ ಇದ್ದೋನು ಯಾರು?”

“ಓದಿದವರಿಗೆ ಗೊತ್ತು ಸಾರ್,” ಎಂದಳು ಅಕ್ಕ. ಸರದಿಯ ರಿಜಿಸ್ಟರ್ ತೆರೆದು ಎಣಿಸಿದಳು. “ನಿಮಗಿಂತ ಮುಂದೆ ಹನ್ನೊಂದು ಜನ ಇದ್ದಾರೆ.”

ಅವರು ರಿಜಿಸ್ಟರ್ ಎಳೆದುಕೊಂಡು ಹನ್ನೆರಡನೆಯವರಾಗಿ ತಮ್ಮ ಹೆಸರು ಬರೆದರು. ಟೇಪನ್ನು ಜೇಬಿಗೆ ತುರುಕಿದರು.

“ನನ್ನ ಸರದಿ ಬರೋವರೆಗೂ ಈ ಕೋಣೆ ಮುಚ್ಚೋ ಹಾಗಿಲ್ಲ,” ಎಂದು ಗದರಿ ಹೋದರು.

ಮರುದಿನ ಬೆಳಿಗ್ಗೆ ಅಕ್ಕ ರಿಜಿಸ್ಟರ್ ತೆಗೆದು ನೋಡಿದಳು. ಅಧ್ಯಕ್ಷರ ಹೆಸರಿನ ಮೇಲೆ, ಸಾಲುಗಳ ಸಂದಿನಲ್ಲಿ, ಹದಿನಾಲ್ಕರ ಹುಡುಗಿಯ ಸಣ್ಣ ಅಕ್ಷರದಲ್ಲಿ ಇನ್ನೂ ಇಪ್ಪತ್ತಾರು ಹೆಸರು ನುಸುಳಿಕೊಂಡಿದ್ದವು.