ಗಿರಣಿ ಕಟ್ಟೆಯ ಸಿಗ್ನಲ್

ಸವಣೂರಿನ ಪ್ರೊಫೆಸರ್ ಜಾವೇದರು ಮೊಬೈಲ್ ಸಿಗ್ನಲ್ ಬಗ್ಗೆ ಬರೆದ ಪ್ರಬಂಧಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನ ಗಲ್ಲಕ್ಕೆ ತಾಗುತ್ತಿದ್ದವು, ಸುಳ್ಳಲ್ಲ. ಆದರೆ ಹತ್ತೊಂಬತ್ತು ವರ್ಷ ತಲೆ ಕೆರೆದುಕೊಂಡು ಅವರು ರಚಿಸಿದ ನಿಯಮ ಒಂದೇ ಸಾಲಿನದು: ಊರಲ್ಲಿ ಒಂದು ಕಡೆ ಫೋನ್ ಹತ್ತಿದರೆ ಊರಿಗೆಲ್ಲ ಸೇವೆ ಸಿಕ್ಕಂತೆ. ಮಾನದಂಡ ಸಮಿತಿ ಇಂದು ಆನ್‌ಲೈನ್ ಸಭೆಯಲ್ಲಿ ಅದನ್ನು ಅಂಗೀಕರಿಸಲಿತ್ತು. ಹನ್ನೊಂದು ಗಂಟೆಗೆ ಜಾವೇದರು ಸಭೆಗೆ ಬಂದು ‘ಒಪ್ಪಿದೆ’ ಎಂದರೆ ಸಾಕು, ಸಮಿತಿಯ ಅಧ್ಯಕ್ಷಗಿರಿಯೂ ಅವರದೇ.

ಅವರು ಇದ್ದದ್ದು ಮಾತ್ರ ತಂಗಿಯ ಊರು ತಿಳವಳ್ಳಿಯಲ್ಲಿ. ಅಲ್ಲಿ ಫೋನ್ ಹತ್ತುವ ಆ ಒಂದು ಕಡೆಯೆಂದರೆ ಹಿಟ್ಟಿನ ಗಿರಣಿಯ ಕಟ್ಟೆ. ಅದರ ಮುಂದೆ ಫೋನ್ ಹಿಡಿದವರದು ಹನುಮಂತನ ಬಾಲದಷ್ಟು ಉದ್ದದ ಪಾಳಿ. ಕಟ್ಟೆಯ ಮೇಲೆ ಗೋಪಿಕಾಬಾಯಿ ಫೋನ್ ಹಿಡಿದು ನಿಂತಿದ್ದರು.

“ಬಾಯಾರ, ನಂದು ದೊಡ್ಡ ಮೀಟಿಂಗ್ ಐತ್ರಿ. ಸ್ವಲ್ಪ ಸರೀರಿ,” ಎಂದು ಜಾವೇದರು ಅಂಗಲಾಚಿದರು.

“ಪಾಳಿ ಹಚ್ರಿ ಸರ. ಮಗಳಿಗೆ ಉಪ್ಪಿನಕಾಯಿ ಹೇಳಾಕತ್ತೇನಿ, ಈಗರ ಸಾಸಿವಿಗೆ ಬಂದೇನಿ.”

ಉಪ್ಪಿನಕಾಯಿ ಭರಣಿ ಸೇರಿ, ಜಾವೇದರ ಪಾಳಿ ಬರುವಷ್ಟರಲ್ಲಿ ಹನ್ನೆರಡಾಯಿತು. ಜಾವೇದರು ಕಟ್ಟೆ ಹತ್ತಿದ್ದೇ ತಡ, ಸಂದೇಶ ಬಂತು: ‘ನೀವು ಸಭೆಗೆ ಬರಲಿಲ್ಲವಾದ್ದರಿಂದ ಬೇರೆಯವರು ಅಧ್ಯಕ್ಷರಾದರು. ನಿಮ್ಮ ನಿಯಮಕ್ಕೆ ಸರ್ವಾನುಮತದ ಒಪ್ಪಿಗೆ ಸಿಕ್ಕಿದೆ. ಅಭಿನಂದನೆಗಳು.’

“ಏನ್ ಬಂತ್ರಿ ಸರ?” ಎಂದರು ಗೋಪಿಕಾಬಾಯಿ.

“ನಿಮ್ಮೂರಿಗೆಲ್ಲ ಸಿಗ್ನಲ್ ಬಂತ್ರಿ,” ಎನ್ನುತ್ತ ಜಾವೇದರು ಕಟ್ಟೆ ಇಳಿದರು.